ಮೂವತ್ತೆಂಟು ಮಂದಿಯ ಗ್ರೂಪು, ಒಂದು ಕುಡಗೋಲು

2021ರ ಆಗಸ್ಟ್ ತಿಂಗಳು. ರಾತ್ರಿ ಊಟ ಮಾಡಿ ಮನೆ ಮುಂದಿನ ಕಟ್ಟೆ ಮೇಲೆ ಕೂತಿದ್ದೆ. ಫೋನು ಎರಡು ಸಲ ಸದ್ದು ಮಾಡಿತು. ಮುದ್ದೇಬಿಹಾಳ ಕಡೆಯ ಕಾಕಾ ಒಬ್ಬರು ನಮ್ಮ ವಾಟ್ಸಾಪ್ ಗ್ರೂಪಿಗೆ ಎರಡು ಫೋಟೊ ಹಾಕಿದ್ದರು. ಒಂದರಲ್ಲಿ ಲಿಂಬೆ ಗಿಡದ ಹೊಸ ಚಿಗುರೆಲ್ಲ ಬೆಂಕಿ ತಾಗಿದಂತೆ ಕಂದಾಗಿತ್ತು. ಇನ್ನೊಂದರಲ್ಲಿ ಕಡಲೆ ಗಾತ್ರದ ಕಾಯಿ ಗಿಡದ ಬುಡದ ತುಂಬ ಉದುರಿ ಬಿದ್ದಿದ್ದವು. ಕೆಳಗೆ ಒಂದೇ ಸಾಲು: "ತಮ್ಮಾ, ನೀ ಹೇಳಿದ್ದ ಹೊಡದೀನಿ. ಹಿಂಗ್ಯಾಕ ಆತು?"

ಹೊಡೆಯಲು ಹೇಳಿದ್ದು ನಾನೇ. ಮಳೆಗಾಲದಲ್ಲಿ ಲಿಂಬೆಗೆ ಕಜ್ಜಿ ರೋಗ ಏರುತ್ತದೆ, ಶೇ 1ರ ಬೋರ್ಡೋ ದ್ರಾವಣ ಸಿಂಪಡಿಸಿ ಅಂತ ನಾಲ್ಕು ದಿನ ಹಿಂದೆ ಗ್ರೂಪಿನಲ್ಲಿ ಬರೆದಿದ್ದೆ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಬಾಗಲಕೋಟೆಯಲ್ಲಿ ತೋಟಗಾರಿಕೆ ಪದವಿ ಓದುವಾಗ ಪರೀಕ್ಷೆಯಲ್ಲಿ ಹತ್ತು ಸಲ ಬರೆದ ಉತ್ತರ ಅದು. ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂದಿತ್ತು. ಕಾಕಾನ ತೋಟದಲ್ಲಿ 140 ಗಿಡ ಸುಟ್ಟವು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಸಿಂದಗಿಯಿಂದ ಬೈಕ್ ಹತ್ತಿದೆ. ದಾರಿಯುದ್ದಕ್ಕೂ, ಹೇಳಿದ್ದರಲ್ಲಿ ತಪ್ಪೆಲ್ಲಿ ಅಂತ ಲೆಕ್ಕ ಹಾಕುತ್ತಲೇ ಹೋದೆ. ಹೋದ ಮೇಲೆ ಗೊತ್ತಾಗಲು ಹತ್ತು ನಿಮಿಷ ಸಾಕಾಯಿತು. ಕಾಕಾ ದನದ ಕೊಟ್ಟಿಗೆಯ ಮೂಲೆಯಿಂದ ಸುಣ್ಣದ ಚೀಲ ಎಳೆದು ತಂದರು. ಗೋಡೆಗೆ ಬಳಿಯುವ ಪುಡಿ ಸುಣ್ಣ. ಬಾಯಿ ಬಿಚ್ಚಿ ಎಷ್ಟೋ ತಿಂಗಳಾಗಿತ್ತು. ಬೋರ್ಡೋಗೆ ಬೇಕಾದದ್ದು ಸುಟ್ಟ ಕಲ್ಲುಸುಣ್ಣ, ನೀರು ಹಾಕಿದರೆ ಬುಸ್ ಅಂತ ಕುದಿಯುವಂಥದ್ದು. ಗಾಳಿಗೆ ಬಿದ್ದು ಸತ್ತ ಸುಣ್ಣಕ್ಕೆ ಮೈಲುತುತ್ತದ ಖಾರ ಮುರಿಯುವ ಶಕ್ತಿ ಇರುವುದಿಲ್ಲ. ತಾಮ್ರ ಹಾಗೇ ಉಳಿದು ಎಳೆ ಎಲೆ, ಎಳೆ ಕಾಯಿ ಸುಡುತ್ತದೆ.

ನಾನು "ಸುಣ್ಣ" ಅಂತ ಬರೆದಿದ್ದೆ. ಯಾವ ಸುಣ್ಣ ಅಂತ ಬರೆದಿರಲಿಲ್ಲ. ಕುಡಗೋಲಿನ ಪರೀಕ್ಷೆ ಮಾಡಿ ಅಂತಲೂ ಬರೆದಿರಲಿಲ್ಲ. ಆ ಪರೀಕ್ಷೆ ಇಷ್ಟೇ: ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕುಡಗೋಲು ಅಥವಾ ಚಾಕುವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಬೇಕು. ಅಲಗಿನ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ ಅಂತ ಅರ್ಥ. ಸುಣ್ಣದ ತಿಳಿ ಇನ್ನಷ್ಟು ಹಾಕಿ, ಮತ್ತೆ ಅದ್ದಿ ನೋಡಬೇಕು. ಅಲಗು ಹಾಗೇ ಉಳಿದ ಮೇಲೆಯೇ ಪಂಪಿಗೆ ಸುರಿಯಬೇಕು.

ಇಬ್ಬರೂ ಕೂಡಿ ಆ ಹಳೆ ಸುಣ್ಣದಲ್ಲೇ ಒಂದು ಪ್ಲಾಸ್ಟಿಕ್ ಬಕೆಟ್ ದ್ರಾವಣ ಮಾಡಿದೆವು. ಕುಡಗೋಲು ಅದ್ದಿ ತೆಗೆದರೆ ತಾಮ್ರದ ಗಿಂಡಿಯ ಬಣ್ಣ. ಮುದ್ದೇಬಿಹಾಳದಿಂದ ಕಲ್ಲುಸುಣ್ಣ ತರಿಸಿ ಇನ್ನೊಂದು ಬಕೆಟ್ ಮಾಡಿದೆವು. ಅಲಗು ಬೆಳ್ಳಗೇ ಉಳಿಯಿತು. ಎರಡನ್ನೂ ವಿಡಿಯೊ ಮಾಡಿ ಗ್ರೂಪಿಗೆ ಹಾಕಿ, ಕೆಳಗೆ ಬರೆದೆ: ತಪ್ಪು ನನ್ನದು, ಪೂರ್ತಿ ಹೇಳಿರಲಿಲ್ಲ. ಐದು ನಿಮಿಷದಲ್ಲಿ ಇಂಡಿ ಕಡೆಯ ಇಬ್ಬರು ಫೋನ್ ಮಾಡಿದರು. ಅವರೂ ಪುಡಿ ಸುಣ್ಣ ತಂದಿಟ್ಟುಕೊಂಡು ಭಾನುವಾರ ಹೊಡೆಯಲು ತಯಾರಾಗಿದ್ದರು.

ಗೆಳೆಯರೇ, ಈ ವಾರದ ಲೇಖನ ಬೋರ್ಡೋ ಬಗ್ಗೆ ಅಲ್ಲ. ಆ ಫೋಟೊ ನನಗೆ ವಾಪಸ್ ಬಂತಲ್ಲ, ಅದರ ಬಗ್ಗೆ.

ನನ್ನ ಫೋನಿನಲ್ಲಿ ಇನ್ನೂ ಏಳು ಕೃಷಿ ಗ್ರೂಪುಗಳಿವೆ, ನಿಮ್ಮಲ್ಲೂ ಅಷ್ಟೇ ಇರಬಹುದು. ವಾಟ್ಸಾಪ್ ಗ್ರೂಪಿಗೆ ಮೊದಲು 256 ಮಂದಿಯ ಮಿತಿ ಇತ್ತು. 2022ರಲ್ಲಿ ಅದು 512 ಆಗಿ, ಅದೇ ವರ್ಷ 1024ಕ್ಕೆ ಏರಿತು. ತುಂಬಿದ ಗ್ರೂಪಿಗೆ ಬೆಳಿಗ್ಗೆ ಎದ್ದರೆ ಐವತ್ತು ಶುಭೋದಯ, ಇಪ್ಪತ್ತು ಔಷಧದ ಜಾಹೀರಾತು, ಯಾರು ಬರೆದದ್ದೋ ಗೊತ್ತಿಲ್ಲದ "ತಪ್ಪದೇ ಓದಿ" ಸಂದೇಶ. ದೊಡ್ಡ ಗ್ರೂಪು ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಆಲಮಟ್ಟಿಯಿಂದ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಭೀಮಾ ನದಿ ಏರಿದೆಯಾ, ವಿಜಯಪುರ ಮಾರುಕಟ್ಟೆಯಲ್ಲಿ ಇವತ್ತು ಲಿಂಬೆ ಆವಕ ಎಷ್ಟು, ಇಂಥ ಸುದ್ದಿಗೆ ಅವೇ ಬೇಕು. ಆದರೆ ಅಲ್ಲಿ "ನಾನು ಹೀಗೆ ಮಾಡಿ ಕೆಟ್ಟೆ" ಅಂತ ಯಾರೂ ಹೇಳಿದ್ದನ್ನು ಈ ಆರೇಳು ವರ್ಷದಲ್ಲಿ ನಾನು ಕಂಡಿಲ್ಲ. ಸಾವಿರ ಮಂದಿಯ ಮುಂದೆ ಯಾರು ಹೇಳಿಕೊಳ್ಳುತ್ತಾರೆ? ನನ್ನ ಬೋರ್ಡೋ ಸಂದೇಶ ಅಂಥ ಗ್ರೂಪಿಗೆ ಹೋಗಿದ್ದರೆ ಅದು ಹತ್ತು ಗ್ರೂಪಿಗೆ ಫಾರ್ವರ್ಡ್ ಆಗಿರುತ್ತಿತ್ತು. ಎಲ್ಲೆಲ್ಲೋ ಗಿಡ ಸುಟ್ಟಿರುತ್ತಿದ್ದವು. ನಾನು ಮಾತ್ರ ಚೆನ್ನಾಗಿ ಹೇಳಿದೆ ಅಂತ ನಿದ್ದೆ ಮಾಡಿರುತ್ತಿದ್ದೆ.

ನಮ್ಮ ಗ್ರೂಪು ಶುರುವಾದದ್ದು 2019ರಲ್ಲಿ, ಒಂದು ತರಬೇತಿ ಮುಗಿಸಿ ಬರುವಾಗ ಬಸ್ಸಿನಲ್ಲಿ. ಹನ್ನೊಂದು ಮಂದಿ ಇದ್ದೆವು. ಇಂಡಿಯವರು, ಸಿಂದಗಿಯವರು, ಮುದ್ದೇಬಿಹಾಳದವರು, ಬಸವನ ಬಾಗೇವಾಡಿಯವರು. ಈಗ ಮೂವತ್ತೆಂಟು. ಲಿಂಬೆ, ತೊಗರಿ, ಉಳ್ಳಾಗಡ್ಡಿ, ಬಿಳಿಜೋಳ, ಅಲ್ಲಲ್ಲಿ ದಾಳಿಂಬೆ, ನುಗ್ಗೆ. ಎಲ್ಲರೂ ಸಾವಯವದವರಲ್ಲ, ಅದಕ್ಕೆ ಜಗಳವೂ ಆಗುತ್ತದೆ. ಆದರೆ ಹೆಚ್ಚುಕಡಿಮೆ ಪ್ರತಿಯೊಬ್ಬರ ಹೊಲವನ್ನೂ ಇನ್ನಿಬ್ಬರಾದರೂ ನೋಡಿದ್ದಾರೆ. ಗ್ರೂಪಿನ ಬೆಲೆ ಇರುವುದು ಅಲ್ಲೇ.

ಒಂದು ಉದಾಹರಣೆ ಹೇಳುತ್ತೇನೆ. ಸಿಂದಗಿ ಕಡೆಯ ಹುಡುಗನೊಬ್ಬ ತೊಗರಿಯ ಫೋಟೊ ಹಾಕಿದ. ಹೂವಿನ ಹೊತ್ತು, ಗಿಡ ಜೋತು ಬಿದ್ದು ಒಣಗುತ್ತಿತ್ತು. ಅದೇ ಫೋಟೊವನ್ನು ಒಂದು ದೊಡ್ಡ ಗ್ರೂಪಿಗೂ ಹಾಕಿದ್ದ. ಅಲ್ಲಿ ಹತ್ತು ನಿಮಿಷದಲ್ಲಿ ಐದು ಔಷಧದ ಹೆಸರು ಬಂದವು, ಒಂದಕ್ಕೊಂದು ಸಂಬಂಧ ಇಲ್ಲ. ನಮ್ಮಲ್ಲಿ ಒಂದು ಔಷಧವೂ ಬರಲಿಲ್ಲ. ಪ್ರಶ್ನೆಗಳು ಬಂದವು. "ನೀರು ನಿಂತಿತ್ತಾ?" "ಒಂದ ಕಡೆ ಅದನೋ, ಹೊಲದ ತುಂಬ ಅದನೋ?" "ಕಾಂಡ ಸೀಳಿ ಫೋಟೊ ಹಾಕು." ಆಮೇಲೆ ಬಾಗೇವಾಡಿಯ ಮಾವ ಒಬ್ಬರ ಮಾತು: "ಅದು ಹಳ್ಳದ ಕಡೆ ಹೊಲ ಹೌದಲ್ಲೋ? ಅಲ್ಲಿ ಮೂರ ವರ್ಷದಿಂದ ತೊಗರಿ ಮ್ಯಾಲ ತೊಗರಿ ಹಾಕಾಕ್ಹತ್ತೀರಿ."

ಹುಡುಗ ಕಾಂಡ ಸೀಳಿದ. ಸಿಪ್ಪೆಯ ಕೆಳಗೆ ಉದ್ದಕ್ಕೂ ಕಪ್ಪು ಗೆರೆ. ನೆಟೆ ರೋಗ. ಅದು ಮಣ್ಣಿನಲ್ಲಿರುವ ಶಿಲೀಂಧ್ರದ ಕೆಲಸ. ಬಾಡಿ ನಿಂತ ಗಿಡವನ್ನು ಮೇಲಿನಿಂದ ಏನು ಹೊಡೆದರೂ ಎಬ್ಬಿಸಲು ಆಗುವುದಿಲ್ಲ. ಔಷಧಕ್ಕೆ ಅಂತ ತೆಗೆದಿಟ್ಟ ರೊಕ್ಕ ಅವನ ಕಿಸೆಯಲ್ಲೇ ಉಳಿಯಿತು. ಮುಂದಿನ ವರ್ಷ ಆ ತುಂಡಿಗೆ ಜೋಳ ಹಾಕಿದ. ಅದರ ಮುಂದಿನ ವರ್ಷ ನೆಟೆ ತಡೆಯುವ ತಳಿಯ ಬೀಜ ತಂದು, ಕೆಜಿಗೆ 4 ಗ್ರಾಂ ಟ್ರೈಕೋಡರ್ಮಾದಿಂದ ಬೀಜೋಪಚಾರ ಮಾಡಿ ತೊಗರಿಗೆ ಮರಳಿದ. ಮಾವನಿಗೆ ಆ ಹೊಲ ಗೊತ್ತಿರದಿದ್ದರೆ "ತೊಗರಿ ಮ್ಯಾಲ ತೊಗರಿ" ಅನ್ನುವ ಮಾತು ಯಾವ ಫೋಟೊದಲ್ಲೂ ಕಾಣುತ್ತಿರಲಿಲ್ಲ.

ಇದು ನಾವು ಕಂಡುಹಿಡಿದ ಹೊಸ ಉಪಾಯ ಏನಲ್ಲ. ಇಂಡೋನೇಷ್ಯಾದಲ್ಲಿ ಭತ್ತಕ್ಕೆ ಕಂದು ಜಿಗಿಹುಳು ಬಿದ್ದು ಸಾಕುಸಾಕಾದಾಗ, 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ ಹೊಡೆಯುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿತು. ಹೊಡೆದಷ್ಟೂ ಜಿಗಿಹುಳು ತಿನ್ನುವ ಜೇಡ, ಮಿತ್ರಕೀಟಗಳು ಸತ್ತು ಹುಳು ಹೆಚ್ಚಾಗುತ್ತಿತ್ತು. ನಿಷೇಧ ಮಾಡಿದ ಮಾತ್ರಕ್ಕೆ ರೈತನಿಗೆ ಗದ್ದೆ ಓದಲು ಬರುತ್ತದಾ? ಅದಕ್ಕೆ 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತ ಕ್ಷೇತ್ರ ಪಾಠಶಾಲೆ ಶುರುವಾಯಿತು. ಇಪ್ಪತ್ತೈದು ಮಂದಿಯ ಆಸುಪಾಸಿನ ಗುಂಪು ಬೆಳೆ ಮುಗಿಯುವ ತನಕ ವಾರಕ್ಕೊಮ್ಮೆ ಗದ್ದೆಗೆ ಇಳಿಯುವುದು, ಹುಳ ಎಣಿಸುವುದು, ಕೂತು ಚರ್ಚಿಸಿ ತೀರ್ಮಾನ ಮಾಡುವುದು. ಮೇಷ್ಟ್ರು ಉತ್ತರ ಹೇಳುವಂತಿಲ್ಲ, ಪ್ರಶ್ನೆ ಕೇಳಬೇಕು. ನಮ್ಮ ಕೃಷಿ ಇಲಾಖೆಯೂ ಈ ಪಾಠಶಾಲೆಗಳನ್ನು ನಡೆಸಿದೆ, ನಿಮ್ಮೂರಿನ ಹಿರಿಯರನ್ನು ಕೇಳಿ ನೋಡಿ.

ನಮ್ಮ ನಾಡಿನಲ್ಲೇ ಹತ್ತಿರದ ಉದಾಹರಣೆ ಬೇಕಾದರೆ ಪುತ್ತೂರಿನ 'ಅಡಿಕೆ ಪತ್ರಿಕೆ'. 1988ರಲ್ಲಿ ಶುರುವಾದ ಈ ಮಾಸಪತ್ರಿಕೆ ರೈತರಿಂದಲೇ ಬರೆಸಿತು, ಕೃಷಿಕರ ಕೈಗೆ ಲೇಖನಿ ಅಂತ ಅವರ ಮಾತು. ಸಂಪಾದಕ ಶ್ರೀಪಡ್ರೆಯವರ ಬಳಗ 2021ರಲ್ಲಿ ಒಂದು ಕೆಲಸ ಮಾಡಿತು. ಲಾಕ್‌ಡೌನ್‌ನಲ್ಲಿ ಬಾಳೆಕಾಯಿ ಕೇಳುವವರಿಲ್ಲದಾಗ, ಎನಿ ಟೈಮ್ ವೆಜಿಟೆಬಲ್ ಎಂಬ ವಾಟ್ಸಾಪ್ ಬಳಗದ ಜೊತೆ ಸೇರಿ ಬಾಳೆಕಾಯಿ ಹುಡಿ, ಚಿಕ್ಕದಾಗಿ ಬಾಕಾಹು, ಮಾಡುವ ಆಂದೋಲನ ಎಬ್ಬಿಸಿತು. ಉತ್ತರ ಕನ್ನಡ, ದಕ್ಷಿಣ ಕನ್ನಡದ ಹೆಣ್ಣುಮಕ್ಕಳು ಬಾಳೆಕಾಯಿ ಹೆಚ್ಚಿ ಒಣಗಿಸಿ ಪುಡಿ ಮಾಡಿ, ದೋಸೆ, ಗುಲಾಬ್ ಜಾಮೂನು ಮಾಡಿ ಫೋಟೊ ಹಾಕತೊಡಗಿದರು. ಆ ಜುಲೈ ತಿಂಗಳ 'ಮನ್ ಕೀ ಬಾತ್'ನಲ್ಲಿ ಪ್ರಧಾನಿ ಇದನ್ನು ಹೇಳಿದರು, ಸುದ್ದಿಯಾಯಿತು. ನನಗೆ ಹಿಡಿಸಿದ್ದು ಅದರ ಹಿಂದಿನ ಭಾಗ. ಒಬ್ಬರು ಅಡುಗೆಮನೆಯಲ್ಲಿ ಮಾಡಿ ನೋಡಿ ಹೇಳಿದ್ದನ್ನು ಇನ್ನೊಬ್ಬರು ತಮ್ಮ ಅಡುಗೆಮನೆಯಲ್ಲಿ ಮಾಡಿ ನೋಡುವುದು. ಮಾಡದೇ ಹೇಳುವವರಿಗೆ ಅಲ್ಲಿ ಕೆಲಸ ಇಲ್ಲ.

ಈಗ ನಮ್ಮ ಗ್ರೂಪು ಹಾಳಾದ ಕಥೆ. ಹೌದು, ಒಂದು ಸಲ ಹಾಳು ಮಾಡಿಕೊಂಡೆವು.

2023ರಲ್ಲಿ ಇಂಡಿ ಲಿಂಬೆಗೆ ಜಿಐ ಮಾನ್ಯತೆ ಬಂತು. ಲಿಂಬೆ ಅಂದರೆ ಎಲ್ಲರಿಗೂ ಹುರುಪು. ನನ್ನನ್ನೂ ಸೇರಿಸಿ, ನನ್ನ ಅಳಿಯನನ್ನೂ ಸೇರಿಸಿ ಅಂತ ಫೋನ್ ಮೇಲೆ ಫೋನ್. ಬೇಡ ಅನ್ನಲು ನಮಗೆ ನಾಲಿಗೆ ಬರಲಿಲ್ಲ. ನಮ್ಮ ಕಡೆ ಮನೆಗೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸುವ ಪದ್ಧತಿ ಇದೆಯಾ? ಎರಡು ತಿಂಗಳಲ್ಲಿ ಇನ್ನೂರು ದಾಟಿದೆವು. ಮೊದಲ ವಾರ ಖುಷಿಯಾಯಿತು. ಆಮೇಲೆ ಒಂದೊಂದೇ ಗಮನಿಸಿದೆ. ಕಾಯಿ ಮಾರಿ ಬಂದವರು ಅಡತಿಯ ಪಟ್ಟಿಯ ಫೋಟೊ ಹಾಕುತ್ತಿದ್ದರಲ್ಲ, ಚೀಲಕ್ಕೆ ಎಷ್ಟು ಬಂತು, ಹಮಾಲಿ ಎಷ್ಟು ಹೋಯಿತು, ಕೈಗೆ ಎಷ್ಟು ಉಳಿಯಿತು ಅಂತ, ಅದು ನಿಂತಿತು. ಪಟ್ಟಿಯ ಬದಲು ಬರೀ ಬಾಯಿಮಾತಿನ ರೇಟು ಬರತೊಡಗಿತು, ಅದೂ ಸ್ವಲ್ಪ ಉಬ್ಬಿಸಿ. ಅಕ್ಕನ ದನಿ ನಿಂತಿತು.

ಅಕ್ಕನ ಬಗ್ಗೆ ಹೇಳಲೇಬೇಕು. ಇಂಡಿ ಕಡೆಯವರು, ಅರವತ್ತು ಲಿಂಬೆ ಗಿಡ. ಬರೆಯಲು ಬೇಸರ, ಮಗನ ಫೋನಿನಿಂದ ರಾತ್ರಿ ಎಂಟರ ಮೇಲೆ ದನಿಯಲ್ಲಿ ಸಂದೇಶ ಕಳಿಸುತ್ತಿದ್ದರು. ಹಿಂದೆ ಊದುಗೊಳವೆ ಸದ್ದು, ದನ ಕೂಗುವುದು ಎಲ್ಲ ಕೇಳುತ್ತಿತ್ತು. ಎಲೆ ಸುರಂಗ ಕೀಟಕ್ಕೆ ಎಲ್ಲರೂ ಕಂಡಾಗೆಲ್ಲ ಪಂಪು ಹೆಗಲಿಗೇರಿಸುತ್ತಿದ್ದ ಕಾಲ ಅದು. ಅಕ್ಕ ಒಂದು ದಿನ ಅಂದರು: "ಅದು ಎಳಿ ಚಿಗುರಿಗೆ ಅಷ್ಟ ರಂಗೋಲಿ ಹಾಕ್ತದ. ಎಲಿ ಬಲತ ಮ್ಯಾಲ ಹೊಡದು ಯಾಕ ರೊಕ್ಕ ಕಳೀತೀರಿ? ಹೊಡ್ಯೂದಿದ್ರ ಚಿಗುರ ಒಡಿಯೂ ಮುಂದ ಬೇವಿನ ಬೀಜದ ಕಷಾಯ ಹೊಡೀರಿ." ನನ್ನ ಪಠ್ಯಪುಸ್ತಕದಲ್ಲೂ ಅದೇ ಇತ್ತು, ನಾನು ಓದಿ ಮರೆತಿದ್ದೆ. ಅಂಥ ಅಕ್ಕ ಮೂರು ತಿಂಗಳು ಸುಮ್ಮನಾದರು. ಫೋನ್ ಮಾಡಿ ಕೇಳಿದೆ. "ಅಷ್ಟ ಮಂದಿ ಗುರತಿಲ್ಲದ ಗಂಡಸರು ಕೇಳ್ತಾರಂದ್ರ ದನಿ ಹೊಂಡಂಗಿಲ್ಲ ತಮ್ಮ" ಅಂದರು.

ಅದೇ ವಾರ ಔಷಧ ಮಾರುವ ಒಬ್ಬರು ರೈತನ ಹೆಸರಿನಲ್ಲಿ ಒಳಗೆ ಬಂದು ತಮ್ಮ ಸರಕನ್ನೇ ಹೊಗಳುತ್ತಿದ್ದದ್ದು ಗೊತ್ತಾಯಿತು. ಹಳೆಯ ಹನ್ನೊಂದು ಮಂದಿ ಫೋನಿನಲ್ಲಿ ಮಾತಾಡಿ, ಆ ಗ್ರೂಪನ್ನು ಮಾರುಕಟ್ಟೆ ಸುದ್ದಿಗೆ ಬಿಟ್ಟು, ನಲವತ್ತರ ಒಳಗೆ ಹೊಸದು ಮಾಡಿಕೊಂಡೆವು.

ಇದಕ್ಕೆ ನಾನು ತೆತ್ತ ಬೆಲೆಯನ್ನೂ ಹೇಳಿಬಿಡುತ್ತೇನೆ. ಬಿಟ್ಟುಹೋದವರಲ್ಲಿ ನನ್ನ ದೊಡ್ಡಪ್ಪನ ಮಗನೂ ಇದ್ದ. ಅವನಿಗೆ ಗೊಬ್ಬರದ ಅಂಗಡಿ ಇದೆ, ಮಾರುವವರು ಬೇಡ ಅಂತ ನಿಯಮ ಮಾಡಿದ್ದೆವು. "ಓದಿದೋರು ನಿಮ್ಮ ನಿಮ್ಮವರಷ್ಟ ಕೂಡಿ ಬಾಗಲಾ ಹಾಕ್ಕೊಂಡ್ರಿ" ಅಂದ. ನಮ್ಮ ಮನೆಯ ವಾಸ್ತು ಶಾಂತಿಗೆ ಅವನು ಬರಲಿಲ್ಲ, ಇವತ್ತಿಗೂ ಮಾತು ಅಷ್ಟಕ್ಕಷ್ಟೇ. ಅವನ ಮಾತಿನಲ್ಲಿ ನಿಜ ಇಲ್ಲ ಅಂತಲ್ಲ. ಬಸ್ಸಿನ ಹನ್ನೊಂದು ಮಂದಿ ಎಂಥವರು? ಎಲ್ಲರೂ ಗಂಡಸರು, ಎಲ್ಲರಿಗೂ ಬೋರ್‌ವೆಲ್ ಇತ್ತು. ಲಾವಣಿಗೆ ಹೊಲ ಮಾಡುವವರು, ಮಳೆಯನ್ನೇ ನಂಬಿದವರು ಒಬ್ಬರೂ ಇರಲಿಲ್ಲ. ಚಿಕ್ಕ ಗ್ರೂಪು ಬಿಗಿಯಾದಷ್ಟೂ ಒಳಗಿನವರು ತಮ್ಮಂಥವರನ್ನೇ ಎಳೆದುಕೊಳ್ಳುತ್ತಾರೆ. ಹೊಸದು ಮಾಡುವಾಗ ಹಟ ಹಿಡಿದು ಆರು ಹೆಣ್ಣುಮಕ್ಕಳನ್ನು, ಲಾವಣಿಯ ನಾಲ್ಕು ಮಂದಿಯನ್ನು ಸೇರಿಸಿದೆವು. ಸಾಕಾಗಿದೆ ಅಂತ ನನಗೆ ಅನಿಸಿಲ್ಲ.

ಸೇರಿಸಿ ಅಂತ ಕೇಳುವವರಿಗೆ ಈಗ ನಾವು ಕೊಡುವ ಉತ್ತರ ಬೇರೆ. ನಿಮ್ಮ ಸುತ್ತಲಿನ ಹತ್ತು ಮಂದಿಯನ್ನು ಕೂಡಿಸಿ ನಿಮ್ಮದೇ ಮಾಡಿ, ನಮ್ಮಲ್ಲೊಬ್ಬರು ಅದರಲ್ಲಿ ಇರುತ್ತಾರೆ. ಬಾಗೇವಾಡಿಯ ಉಳ್ಳಾಗಡ್ಡಿ ಬೆಳೆಗಾರರು ಹಾಗೇ ಹೊರಟರು. ಅಲ್ಲಿ ಬಗೆಹರಿಯದ್ದು ಇಲ್ಲಿಗೆ ಬರುತ್ತದೆ. ಇಲ್ಲಿ ಬಗೆಹರಿಯದ್ದನ್ನು ಇಂಡಿ ಅಥವಾ ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಗಿಡದ ಸಮೇತ ಒಯ್ಯುತ್ತೇವೆ. ಅಲ್ಲಿಗೆ ಹೋಗಲು ಆಗದಿದ್ದರೆ ಕಿಸಾನ್ ಕಾಲ್ ಸೆಂಟರ್ ಇದೆ, 1800-180-1551, ಕನ್ನಡದಲ್ಲೇ ಮಾತಾಡಬಹುದು.

ಮಾಡಬೇಕು ಅನ್ನುವವರಿಗೆ ನಮ್ಮ ಅನುಭವದಿಂದ ಒಂದೆರಡು ಮಾತು. ಫೋಟೊ ಹಾಕುವವರು ಬರೀ ಎಲೆಯದು ಹಾಕಿದರೆ ನಾವು ಉತ್ತರವನ್ನೇ ಕೊಡುವುದಿಲ್ಲ. ಇಡೀ ಗಿಡ, ಎಲೆಯ ಕೆಳಭಾಗ, ಬುಡ, ದೂರದಿಂದ ಹೊಲ, ಇಷ್ಟು ಬೇಕು. ಎರಿ ಭೂಮಿಯೋ ಮಸಾರಿಯೋ, ಕೊನೆಗೆ ನೀರು ಕೊಟ್ಟದ್ದು ಯಾವಾಗ, ಏನು ಹೊಡೆದಿದ್ದೀರಿ, ಅದೂ ಬೇಕು. ಉತ್ತರ ಹೇಳುವವರು ತಾವು ಮಾಡಿ ನೋಡಿದ್ದೋ, ಕೇಳಿದ್ದೋ ಅಂತ ಹೇಳಬೇಕು. ಹದಿನೈದು ದಿನದ ಮೇಲೆ ಏನಾಯಿತು ಅಂತ ಕೇಳಿದವರು ತಿಳಿಸಲೇಬೇಕು, ಕೆಟ್ಟಿದ್ದರೆ ಮೊದಲು ತಿಳಿಸಬೇಕು. ಫಾರ್ವರ್ಡ್ ಬೇಡ. ಬರೆಯಲು ಬಾರದವರ ದನಿ ಸಂದೇಶ ಎಷ್ಟು ಉದ್ದ ಇದ್ದರೂ ಪೂರ್ತಿ ಕೇಳಬೇಕು. ಇದರಲ್ಲಿ ತಾಳ್ಮೆ ಬೇಕಾಗುವುದು ಕೊನೆಯದಕ್ಕೇ. ನಮ್ಮ ಮಾವನ ಸಂದೇಶ ಒಂದೊಂದು ಆರು ನಿಮಿಷ, ಅದರಲ್ಲಿ ನಾಲ್ಕು ನಿಮಿಷ ಅವರ ಎತ್ತಿನ ಕಥೆ.

ಮತ್ತೆ, ವರ್ಷಕ್ಕೊಮ್ಮೆಯಾದರೂ ಮುಖ ನೋಡಬೇಕು. ನಾವು ಎಳ್ಳ ಅಮಾವಾಸ್ಯೆಯ ಮುಂದಿನ ಭಾನುವಾರ ಒಬ್ಬರ ಹೊಲದಲ್ಲಿ ಸೇರುತ್ತೇವೆ. ಅಮಾವಾಸ್ಯೆ ದಿನ ಅವರವರ ಹೊಲದಲ್ಲಿ ಚರಗ ಇರುತ್ತದೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದು ಉಂಡು, ಬೀಗರ ಜೊತೆ ಹೊಲ ಸುತ್ತಿ, ಇಲ್ಲಿ ಯಾಕೆ ಬೆಳೆ ಗಿಡ್ಡಾಗಿದೆ ಅಂತ ಮಾತಾಡುವುದು ನಮ್ಮ ಅಪ್ಪ ಅಜ್ಜಂದಿರು ಮಾಡಿಕೊಂಡು ಬಂದದ್ದೇ. ಫೋನು ಬಂದ ಮೇಲೆ ಉಳಿದ ದಿನಗಳಲ್ಲೂ ಆ ಮಾತು ನಡೆಯುತ್ತಿದೆ, ಅಷ್ಟೇ.

ಕಾಕಾನ ವಿಷಯ ಅರ್ಧಕ್ಕೇ ಬಿಟ್ಟೆ. ಆ ಬಹಾರದ ಅರ್ಧಕ್ಕಿಂತ ಹೆಚ್ಚು ಕಾಯಿ ಹೋದವು. ನನ್ನ ಕೈಲಾದಷ್ಟು ರೊಕ್ಕ ಕೊಡಲು ಹೋದೆ. "ರೊಕ್ಕ ಬ್ಯಾಡ, ಬರದದ್ದ ತಿದ್ದು" ಅಂದರು. ತಿದ್ದಿ ಹಾಕಿದೆ. ಆದರೂ ನಾಲ್ಕು ತಿಂಗಳು ಅವರು ಗ್ರೂಪಿನಲ್ಲಿ ಒಂದು ಮಾತೂ ಆಡಲಿಲ್ಲ. ಬಿಟ್ಟೂ ಹೋಗಲಿಲ್ಲ. ಆ ವರ್ಷದ ಎಳ್ಳ ಅಮಾವಾಸ್ಯೆಯ ಕೂಟಕ್ಕೆ ಬಂದು ನನ್ನ ಪಕ್ಕದಲ್ಲೇ ಊಟಕ್ಕೆ ಕೂತರು. ಸುಣ್ಣದ ಮಾತು ಇಬ್ಬರೂ ಎತ್ತಲಿಲ್ಲ.

ಹೋದ ವಾರ ಹೊಸದಾಗಿ ಸೇರಿದ ಇಂಡಿಯ ಹುಡುಗ ಬರೆದ: ಬೋರ್ಡೋ ರೆಡಿ ಮಾಡೀನಿ, ಈಗ ಹೊಡೀಲಾ? ನಾನು ಉತ್ತರ ಒತ್ತುವಷ್ಟರಲ್ಲಿ ಮುದ್ದೇಬಿಹಾಳದಿಂದ ದನಿ ಬಂತು. "ಕಲ್ಲಸುಣ್ಣ ತಂದಿ? ಕುದೀತು? ಕುಡಗೋಲ ಅದ್ದಿ ನೋಡಿದಿ? ಫೋಟೊ ಹಾಕು."

"ಕಾಕಾ, ಕುಡಗೋಲ ಮನ್ಯಾಗ ಐತಿ. ನಾ ತ್ವಾಟದಾಗ ಅದೀನಿ."

"ಹಂಗಾದ್ರ ಪಂಪ ಇಳಿಸಿ ಮನಿಗಿ ಹೋಗಿ ತಗೊಂಡ ಬಾ. ನಾ ಇಲ್ಲೇ ಕುಂತೀನಿ."